ಕಾಲಾಳೋ ಕುದುರೆಯೋ: 2000 ಅಂಕದ ಸೈನ್ಯ ಕಟ್ಟಿದ ಏಳು ವಾರ

ನಿನ್ನೆ ರಾತ್ರಿ ನನ್ನ ಬೊಂಬೆ ಸೈನ್ಯವನ್ನೆಲ್ಲ ಡಬ್ಬಕ್ಕೆ ತುಂಬಿ ಮುಚ್ಚಳ ಹಾಕಿದೆ. ಏಳು ವಾರದಿಂದ ಮನೆಯ ದೊಡ್ಡ ಮೇಜಿನ ಅರ್ಧ ಭಾಗ ಅದರದ್ದೇ ಆಗಿತ್ತು. ಟೂರ್ನಮೆಂಟ್ ಮುಗಿದಿದೆ, ನೋಟ್‌ಬುಕ್ ತುಂಬಿದೆ, ಕೈಬೆರಳಲ್ಲಿ ಇನ್ನೂ ಅಂಟಿನ ಕಲೆ ಇದೆ. ಎಲ್ಲ ನೆನಪಿರುವಾಗಲೇ ಬರೆದಿಡೋಣ ಅನ್ನಿಸಿತು. ಮೊದಲ ಸಲ ಸೈನ್ಯ ಕಟ್ಟುವವರಿಗೆ ನಾನು ಕಳೆದ ಮೂರು ವಾರವಾದರೂ ಉಳಿಯಲಿ.

ನಾವು ಆಡುವ ಆಟ ಕಿಂಗ್ಸ್ ಆಫ್ ವಾರ್. ಮನುಷ್ಯರು, ಕುಳ್ಳರು, ಎಲ್ಫ್‌ಗಳು, ಓರ್ಕ್‌ಗಳು ಎಲ್ಲ ಇರುವ ಕಲ್ಪನೆಯ ಲೋಕದ ಯುದ್ಧ. 6 ಅಡಿ ಉದ್ದ, 4 ಅಡಿ ಅಗಲದ ಮೇಜಿನ ಮೇಲೆ ನಡೆಯುತ್ತದೆ. ನಿಯಮ ಬರೆದವರು ಅಲೆಸಿಯೊ ಕವಟೋರೆ, ಮೊದಲು ಬಂದದ್ದು 2010ರಲ್ಲಿ. ನಮ್ಮ ಗುಂಪು ಆಡುವುದು 2019ರ ಮೂರನೇ ಆವೃತ್ತಿ. ಇದರಲ್ಲಿ ಬೊಂಬೆಗಳನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಡುವುದಿಲ್ಲ. ಇಡೀ ದಳವೇ ಒಂದು ಕಾಯಿ. ಏಟು ಬಿದ್ದ ಹಾಗೆ ಡ್ಯಾಮೇಜ್ ಲೆಕ್ಕ ಏರುತ್ತದೆ. ಆಮೇಲೆ ಎದುರಾಳಿ ಎರಡು ದಾಳ ಹಾಕಿ, ಬಿದ್ದದ್ದಕ್ಕೆ ಆ ಡ್ಯಾಮೇಜ್ ಕೂಡಿಸಿ, ನಿಮ್ಮ ದಳದ ನರ್ವ್ ಜೊತೆ, ಅಂದರೆ ಅದರ ಧೈರ್ಯ ಹೇಳುವ ಎರಡು ಅಂಕಿಗಳ ಜೊತೆ, ಹೋಲಿಸುತ್ತಾರೆ. ಮೊದಲ ಅಂಕಿ ಮುಟ್ಟಿದರೆ ದಳ ತತ್ತರಿಸುತ್ತದೆ. ಎರಡನೆಯದು ಮುಟ್ಟಿದರೆ ಇಡೀ ದಳ ಮೇಜಿನಿಂದ ಹೊರಗೆ.

ನನ್ನದು ಮನುಷ್ಯರ ಸೈನ್ಯ. ಹಳೆಯ ಈಟಿಯವರು ಒಂದಷ್ಟು ಜನ ಇದ್ದರು. ಪ್ರತಿ ದಳಕ್ಕೂ ಇಷ್ಟು ಅಂಕ ಅಂತ ಬೆಲೆ ಇರುತ್ತದೆ. ಉಳಿದದ್ದನ್ನು ತುಂಬಿ ಒಟ್ಟು 2000 ಅಂಕಕ್ಕೆ ಏರಿಸಬೇಕಿತ್ತು. ಯಾವ ಕಾಲಾಳು ದಳ, ಯಾವ ಕುದುರೆ ದಳ, ಎಷ್ಟು ಅನ್ನುವುದೇ ಪ್ರಶ್ನೆ.

ಮೊದಲ ವಾರ ಪೂರ್ತಿ ಲೆಕ್ಕದಲ್ಲೇ ಹೋಯಿತು. ಕಂಪ್ಯೂಟರಲ್ಲಿ ಒಂದು ಪಟ್ಟಿ ಮಾಡಿದೆ. ಪ್ರತಿ ದಳ ಒಂದು ಸಲ ನುಗ್ಗಿದರೆ ಎಷ್ಟು ಡ್ಯಾಮೇಜ್ ಕೊಡುತ್ತದೆ, ಅದನ್ನು ಅಂಕದಿಂದ ಭಾಗಿಸಿದರೆ ಎಷ್ಟು ಬರುತ್ತದೆ, ಅಷ್ಟೇ. ನನ್ನ ಪಟ್ಟಿಯಲ್ಲಿ ನೈಟ್ಸ್ ರೆಜಿಮೆಂಟ್ ಅಂದರೆ ಹತ್ತು ಕುದುರೆ ಸವಾರರು. 16 ದಾಳ ಹಾಕುತ್ತಾರೆ, 3 ಅಥವಾ ಮೇಲೆ ಬಿದ್ದರೆ ಏಟು ತಾಗುತ್ತದೆ. ಈಟಿಯವರ ರಕ್ಷಣೆ 4. ಅಂದರೆ ತಾಗಿದ ಏಟು ಗಾಯ ಮಾಡಲು ಮಾಮೂಲಿಗೆ 4 ಅಥವಾ ಮೇಲೆ ಬೀಳಬೇಕು. ಆದರೆ ನೈಟ್ಸ್‌ಗೆ ಥಂಡರಸ್ ಚಾರ್ಜ್ 2 ಇದೆ. ನುಗ್ಗುವಾಗ ಆ ಗಾಯದ ದಾಳಕ್ಕೆ 2 ಸೇರುತ್ತದೆ, 2 ಬಿದ್ದರೂ ಸಾಕು. 16ರಲ್ಲಿ ಸುಮಾರು 11 ತಾಗುತ್ತವೆ, ಅದರಲ್ಲಿ 9 ಗಾಯ. ಈಟಿಯವರ ರೆಜಿಮೆಂಟ್‌ನ ನರ್ವ್ 13 ಮತ್ತು 15. 9 ಡ್ಯಾಮೇಜ್ ಆದ ಮೇಲೆ ದಾಳದಲ್ಲಿ 6 ಬಿದ್ದರೆ ಅವರ ಕಥೆ ಮುಗಿಯಿತು. 36ರಲ್ಲಿ 26 ಸಲ ಹಾಗಾಗುತ್ತದೆ.

ಇದನ್ನು ನೋಡಿ ನನಗೆ ಬೇರೆ ಯೋಚನೆಯೇ ಬರಲಿಲ್ಲ. ಮೂರು ನೈಟ್ಸ್ ರೆಜಿಮೆಂಟ್ ಹಾಕೋಣ, ಕಾಲಾಳು ಎಷ್ಟು ಕಡಿಮೆಯೋ ಅಷ್ಟು ಒಳ್ಳೆಯದು ಅಂತ ತೀರ್ಮಾನ ಮಾಡಿ ಮೂವತ್ತು ಕುದುರೆಗೆ ಆರ್ಡರ್ ಹಾಕಿಬಿಟ್ಟೆ.

ಇಲ್ಲೇ ಒಂದು ಮಾತು ಹೇಳಿಬಿಡುತ್ತೇನೆ. ಆರ್ಡರ್ ಹಾಕುವ ಮೊದಲು ಕಾಗದ ಕತ್ತರಿಸಿಕೊಳ್ಳಿ. ದಟ್ಟ ರಟ್ಟಿನಲ್ಲಿ ದಳದ ಅಳತೆಗೆ ಚೌಕ ಕತ್ತರಿಸಿ, ಮೇಲೆ ಹೆಸರು ಬರೆದರೆ ಆಡೋಕೆ ಸಾಕು. ಈಟಿಯವರ ರೆಜಿಮೆಂಟ್ 100 ಮಿಲಿಮೀಟರ್ ಅಗಲ, 80 ಆಳ. ನಲವತ್ತು ಜನರ ಹೋರ್ಡ್ 200 ಅಗಲ, 80 ಆಳ. ನೈಟ್ಸ್ ರೆಜಿಮೆಂಟ್ 125 ಅಗಲ, 100 ಆಳ. ನಾನು ಇದನ್ನು ಮಾಡಿದ್ದು ಪಾರ್ಸೆಲ್ ತಡವಾಯಿತು ಅನ್ನುವ ಕಾರಣಕ್ಕೆ. ಹತ್ತು ದಿನದಲ್ಲಿ ಬರಬೇಕಾದದ್ದು ಹತ್ತೊಂಬತ್ತನೇ ದಿನ ಬಂತು. ಆ ಕಾಯುವಿಕೆ ಆಗ ತುಂಬಾ ಬೇಜಾರು ತರಿಸಿತ್ತು. ದಿನಾ ಬಾಗಿಲು ನೋಡುತ್ತಿದ್ದೆ. ಆದರೆ ಆ ದಿನಗಳಲ್ಲಿ ರಟ್ಟಿನ ಚೌಕಗಳಲ್ಲಿ ಆಡಿದ್ದೇ ನನಗೆ ದಾರಿ ತೋರಿಸಿತು.

ಎದುರಾಳಿ ನನ್ನ ತಂಗಿ. ಅವಳಿಗೆ ಆಟ ಗೊತ್ತಿತ್ತು, ಜಾಸ್ತಿ ಆಡಿರಲಿಲ್ಲ. ನನ್ನ ಹಳೆಯ ಈಟಿಯವರನ್ನೇ ಎರಡು ಹೋರ್ಡ್ ಮಾಡಿಕೊಂಡು ನಿಂತಳು. ನನ್ನ ಕಡೆ ಮೂರು ನೈಟ್ಸ್ ಚೌಕ. ಎರಡನೇ ಸರದಿಯಲ್ಲೇ ನನ್ನ ಮಧ್ಯದ ನೈಟ್ಸ್ ಅವಳ ಹೋರ್ಡ್‌ನ ಮುಖಕ್ಕೆ ನುಗ್ಗಿದರು. ದಾಳ ಎತ್ತಿಕೊಂಡೆ.

"ಅಕ್ಕಾ, ತಡಿ. ಇವರಿಗೆ ಫ್ಯಾಲ್ಯಾಂಕ್ಸ್ ಇದೆ ಅಲ್ವಾ?" ಅಂದಳು.

ಇತ್ತು. ನಿಯಮ ಓದಿದ್ದೆ, ಆದರೆ ನನ್ನ ಪಟ್ಟಿಯ ಲೆಕ್ಕದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ. ಫ್ಯಾಲ್ಯಾಂಕ್ಸ್ ಇರುವ ದಳದ ಮುಖಕ್ಕೆ ನುಗ್ಗಿದವರ ಥಂಡರಸ್ ಚಾರ್ಜ್ ಹೋಗಿಬಿಡುತ್ತದೆ. ಆಗ ಗಾಯಕ್ಕೆ 4 ಬೇಕೇ ಬೇಕು. 9 ಅಂದುಕೊಂಡಿದ್ದ ಡ್ಯಾಮೇಜ್ 5ಕ್ಕೆ ಇಳಿಯಿತು. ಹೋರ್ಡ್‌ನ ನರ್ವ್ 20 ಮತ್ತು 22. 5ಕ್ಕೆ ಎರಡು ದಾಳದ ಅತಿ ದೊಡ್ಡ ಮೊತ್ತ 12 ಸೇರಿಸಿದರೂ 17. ಅಂದರೆ ಚದುರುವ ಹಾಗೇ ಇರಲಿಲ್ಲ. ಅವಳು ಅಲುಗಾಡಲೇ ಇಲ್ಲ.

ಆಮೇಲೆ ಅವಳ ಸರದಿ. ಮೂವತ್ತು ದಾಳ, 4ಕ್ಕೆ ತಾಗುತ್ತದೆ, ಹದಿನೈದು. ನೈಟ್ಸ್‌ನ ರಕ್ಷಣೆ 5, ಹಾಗಾಗಿ ಅದರಲ್ಲಿ ಗಾಯವಾದದ್ದು ಐದೇ. ನೈಟ್ಸ್‌ನ ನರ್ವ್ 14 ಮತ್ತು 16, ಅವರೂ ನಿಂತರು. ಆದರೆ ಒಂದು ಗಾಯವಾದರೂ ಸಾಕು, ಆ ದಳ ಮುಂದಿನ ಸರದಿಗೆ ಅಸ್ತವ್ಯಸ್ತ. ಅಸ್ತವ್ಯಸ್ತವಾದವರಿಗೆ ಥಂಡರಸ್ ಚಾರ್ಜ್ ಇಲ್ಲ. ಮತ್ತೆ ಹೊಡೆದೆ, ಮತ್ತೆ 5. ಅವಳೂ ಮತ್ತೆ 5 ಕೊಟ್ಟಳು. ಈಗ ನನ್ನ ನೈಟ್ಸ್ ಮೇಲೆ 10. ಅವಳಿಗೆ ದಾಳದಲ್ಲಿ 6 ಸಾಕಿತ್ತು. 8 ಬಿತ್ತು. ನನ್ನ ಹತ್ತು ಕುದುರೆ ಮೇಜಿನಿಂದ ಆಚೆ.

ಆ ಹೋರ್ಡ್‌ನ ಅಂಕ ನನ್ನ ನೈಟ್ಸ್‌ಗಿಂತ ಕಡಿಮೆ. ಒಂದು ವಾರದ ಲೆಕ್ಕ, ಮೂವತ್ತು ಕುದುರೆಯ ಆರ್ಡರ್, ಎಲ್ಲ ಕಣ್ಣ ಮುಂದೆ ಬಂತು. ಆ ರಾತ್ರಿ ನಿದ್ದೆ ಸರಿಯಾಗಿ ಬರಲಿಲ್ಲ.

ಮರುದಿನ ಇಬ್ಬರೂ ಅದೇ ಆಟವನ್ನು ಬೇರೆ ಥರ ಇಟ್ಟೆವು. ಈ ಸಲ ಒಂದು ನೈಟ್ಸ್ ದಳ ಮುಖದ ಕಡೆ ಹೋಗಲೇ ಇಲ್ಲ, ಸುತ್ತಿಕೊಂಡು ಹೋರ್ಡ್‌ನ ಪಕ್ಕೆಗೆ ಬಂತು. ಪಕ್ಕೆಗೆ ನುಗ್ಗಿದರೆ ದಾಳ ಎರಡು ಪಟ್ಟು. ಹಿಂಬದಿಯಾದರೆ ಮೂರು ಪಟ್ಟು. ಫ್ಯಾಲ್ಯಾಂಕ್ಸ್ ಮುಖಕ್ಕೆ ಮಾತ್ರ, ಪಕ್ಕೆಗೆ ಇಲ್ಲ. 32 ದಾಳ, ತಾಗಿದ್ದು 21, ಗಾಯ 18. ಅದೇ 22 ನರ್ವ್‌ನ ಹೋರ್ಡ್ ಈಗ ದಾಳದಲ್ಲಿ 4 ಬಿದ್ದರೂ ಚದುರುತ್ತದೆ. 36ರಲ್ಲಿ 33 ಸಲ.

ಹಿಂದಿನ ದಿನ ಏನೂ ಮಾಡಲಾಗದ ದಳ ಈ ದಿನ ಒಂದೇ ಏಟಿಗೆ ಎದುರಾಳಿಯ ಅತಿ ಗಟ್ಟಿ ದಳವನ್ನು ತೆಗೆಯಿತು. ಅದೇ ಸವಾರರು, ಅದೇ ಅಂಕ. ನನ್ನ ಪಟ್ಟಿಯಲ್ಲಿ ಇವೆರಡಕ್ಕೂ ಒಂದೇ ಸಂಖ್ಯೆ ಇತ್ತು. ಆ ಪಟ್ಟಿಯನ್ನು ಅಲ್ಲಿಗೆ ಮುಚ್ಚಿ, ಒಂದು ನೋಟ್‌ಬುಕ್ ತೆಗೆದುಕೊಂಡೆ.

ನೋಟ್‌ಬುಕ್‌ನಲ್ಲಿ ಪ್ರತಿ ಆಟಕ್ಕೆ ಒಂದು ಪುಟ. ಪ್ರತಿ ದಳಕ್ಕೆ ಒಂದು ಸಾಲು. ಯಾವ ಸರದಿಯಲ್ಲಿ ಮೊದಲ ಸಲ ಕೈ ಮಿಲಾಯಿಸಿತು, ಯಾವ ಸರದಿಯಲ್ಲಿ ಚದುರಿತು, ಎದುರಾಳಿಯ ಯಾವ ದಳವನ್ನು ಎಷ್ಟು ಸರದಿ ಹಿಡಿದು ನಿಲ್ಲಿಸಿತು, ಕೊನೆಯಲ್ಲಿ ಗುರಿಯ, ಅಂದರೆ ಗೆಲ್ಲಲು ಹಿಡಿಯಬೇಕಾದ ಜಾಗದ, ಹತ್ತಿರ ಇತ್ತೋ ಇಲ್ಲವೋ. ಎಷ್ಟು ಡ್ಯಾಮೇಜ್ ಕೊಟ್ಟಿತು ಅನ್ನುವುದನ್ನು ಕೊನೆಯ ಕಾಲಮ್‌ಗೆ ತಳ್ಳಿದೆ. ಮೂರು ಆಟದ ನಂತರ ಆ ಕಾಲಮ್ ಬರೆಯುವುದನ್ನೇ ಬಿಟ್ಟೆ. ನೀವೂ ಬರೆದು ನೋಡಿ. ಆಟದ ನೆನಪು ಯಾವಾಗಲೂ ದೊಡ್ಡ ಏಟುಗಳನ್ನಷ್ಟೇ ಇಟ್ಟುಕೊಳ್ಳುತ್ತದೆ. ಸುಮ್ನೆ ನಿಂತು ಮೂರು ಸರದಿ ಉಳಿಸಿಕೊಟ್ಟ ದಳ ಮರೆತೇ ಹೋಗುತ್ತದೆ.

ಎಂಟು ಆಟ ಆದವು. ಕೆಲವು ಒಂದೇ ಸಂಜೆಯಲ್ಲಿ ಮುಗಿದವು, ಕೆಲವನ್ನು ಮೇಜಿನ ಮೇಲೇ ಬಿಟ್ಟು ಮರುದಿನ ಮುಂದುವರಿಸಿದೆವು. ಆ ಎಂಟು ಪುಟಗಳನ್ನು ಒಟ್ಟಿಗೆ ಓದಿದಾಗ ಕಂಡದ್ದು ಇದು: ಆಟಕ್ಕೆ ಸಾಮಾನ್ಯವಾಗಿ ಆರು ಸರದಿ. ಕಾಲಾಳು ದಳದ ಕೆಲಸ ಅದರಲ್ಲಿ ಎಷ್ಟು ಸರದಿಯನ್ನು ನನ್ನ ಕೈಗೆ ಕೊಡುತ್ತದೆ ಅನ್ನುವುದು. ಕುದುರೆ ದಳದ ಕೆಲಸ ಆ ಸರದಿಗಳಲ್ಲಿ ಯಾವುದೋ ಒಂದರಲ್ಲಿ ಸರಿಯಾದ ಬದಿಗೆ ಬಂದು ನಿಲ್ಲುವುದು. ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗಿದ್ದೇ ನನ್ನ ಮೊದಲ ವಾರದ ತಪ್ಪು.

ಕಾಲಾಳುಗಳ ಬಗ್ಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಎಲ್ಲರೂ ಅವರನ್ನು ಕೊನೆಗೆ ನೋಡುತ್ತಾರೆ.

ಇಪ್ಪತ್ತು ಜನರ ಎರಡು ರೆಜಿಮೆಂಟ್ ಒಳ್ಳೆಯದೋ, ನಲವತ್ತು ಜನರ ಒಂದು ಹೋರ್ಡ್ ಒಳ್ಳೆಯದೋ? ದಾಳ ಎರಡರಲ್ಲೂ ಮೂವತ್ತೇ. ಆದರೆ ನರ್ವ್ ನೋಡಿ. ಫ್ಯಾಲ್ಯಾಂಕ್ಸ್ ಇಲ್ಲದ ಕಾಲಾಳು ರೆಜಿಮೆಂಟ್ ಮೇಲೆ ನೈಟ್ಸ್ ಬಿದ್ದರೆ 36ರಲ್ಲಿ 26 ಸಲ ಮುಗಿಯಿತು. ಅದೇ 9 ಡ್ಯಾಮೇಜ್ 22 ನರ್ವ್‌ನ ಹೋರ್ಡ್‌ಗೆ ಬಿದ್ದರೆ ಚದುರಲು 13 ಬೇಕು, ಎರಡು ದಾಳದಲ್ಲಿ 13 ಬರುವುದೇ ಇಲ್ಲ. ತತ್ತರಿಸಬೇಕೆಂದರೂ 11 ಬೀಳಬೇಕು. ಹಾಗಾಗಿ ಮುಖಾಮುಖಿ ನಿಂತು ಹೊಡೆಸಿಕೊಳ್ಳುವ ಜಾಗಕ್ಕೆ ಹೋರ್ಡ್. ಆದರೆ ಎರಡು ರೆಜಿಮೆಂಟ್ ಇದ್ದರೆ ಒಂದು ಹಿಂದೆ, ಒಂದು ಮುಂದೆ ನಿಲ್ಲಬಹುದು. ಮುಂದಿನದು ಹೋದರೆ ಅದನ್ನು ತೆಗೆದವರ ಮೇಲೆ ಹಿಂದಿನದು ಬೀಳುತ್ತದೆ. ಹೋರ್ಡ್‌ನ ಪಕ್ಕೆ ಒಂದೇ ಒಂದು ಸಲ ತೆರೆದುಕೊಂಡರೆ ಏನಾಗುತ್ತದೆ ಅಂತ ಮೇಲೆ ನೋಡಿದಿರಿ. ಕೊನೆಗೆ ನಾನು ಈಟಿಯವರಲ್ಲಿ ಒಂದು ಹೋರ್ಡ್, ಎರಡು ರೆಜಿಮೆಂಟ್ ಇಟ್ಟೆ. ಹೋರ್ಡ್ ಮಧ್ಯಕ್ಕೆ, ಅದರ ಎರಡೂ ಪಕ್ಕೆಗೆ ಒಂದೊಂದು ರೆಜಿಮೆಂಟ್, ಸ್ವಲ್ಪ ಹಿಂದೆ ಸರಿಸಿ.

ಕವಚ ಜಾಸ್ತಿ ಇರುವ ಕಾಲಾಳು ಬಗ್ಗೆಯೂ ನನಗೆ ತಪ್ಪು ಕಲ್ಪನೆ ಇತ್ತು. ರಕ್ಷಣೆ 4 ಇರುವವರ ಬದಲು 5 ಇರುವವರನ್ನು ಹಾಕಿದರೆ ಕುದುರೆಗೆ ಹೆದರಬೇಕಿಲ್ಲ ಅಂದುಕೊಂಡಿದ್ದೆ. ಲೆಕ್ಕ ಮಾಡಿದರೆ ನೈಟ್ಸ್ 9ರ ಬದಲು 7 ಡ್ಯಾಮೇಜ್ ಕೊಡುತ್ತಾರೆ, ಅಷ್ಟೇ. ಈಟಿ ಹಿಡಿದು ಮುಖ ಕೊಟ್ಟರೆ 5ಕ್ಕೆ ಇಳಿಯುತ್ತದೆ. ಕವಚ ಕೆಲಸಕ್ಕೆ ಬರುವುದು ಮಾಮೂಲಿ ಕತ್ತಿಯವರ ಮುಂದೆ, ಹಗುರ ಬಾಣಗಳ ಮುಂದೆ. ಅಲ್ಲಿ ಮೂರರಲ್ಲಿ ಒಂದು ಭಾಗ ಡ್ಯಾಮೇಜ್ ಕಡಿಮೆಯಾಗುತ್ತದೆ. ಎದುರಾಳಿಯ ಕೈಯಲ್ಲಿ ಏನಿದೆ ಅಂತ ತಿಳಿಯದೆ ಕವಚಕ್ಕೆ ಅಂಕ ಸುರಿಯಬೇಡಿ.

ಇನ್ನು ಧ್ವಜ ಹಿಡಿದ ಆ ಒಬ್ಬ ಮನುಷ್ಯ. ಇನ್ಸ್ಪೈರಿಂಗ್ ಅನ್ನುವ ಗುಣ ಇರುವ ನಾಯಕ ಅಥವಾ ಧ್ವಜದವನು 6 ಇಂಚಿನ ಒಳಗಿದ್ದರೆ, ದಳ ಚದುರುವ ಫಲಿತಾಂಶ ಬಂದಾಗ ಎದುರಾಳಿ ದಾಳವನ್ನು ಮತ್ತೆ ಹಾಕಬೇಕು. 36ರಲ್ಲಿ 26 ಸಲ ಚದುರುತ್ತಿದ್ದ ರೆಜಿಮೆಂಟ್ ಆಗ ಸುಮಾರು ಅರ್ಧ ಸಲ ನಿಲ್ಲುತ್ತದೆ. ನೂರಕ್ಕೆ 28 ಸಲ ಉಳಿಯುತ್ತಿದ್ದದ್ದು 48 ಆಗುತ್ತದೆ. ನನ್ನ ಮೊದಲ ಪಟ್ಟಿಯಲ್ಲಿ ಇವನ ಡ್ಯಾಮೇಜ್ ಸೊನ್ನೆಗೆ ಹತ್ತಿರ ಇತ್ತು, ಹಾಗಾಗಿ ಎಲ್ಲರಿಗಿಂತ ಕೆಳಗೆ ಕೂತಿದ್ದ. ನೋಟ್‌ಬುಕ್ಕಿನ ಎಂಟು ಪುಟಗಳಲ್ಲಿ ಅತಿ ಹೆಚ್ಚು ಸಲ ಬಂದ ಹೆಸರು ಅವನದ್ದೇ. ಈಗ ನನ್ನ ಪಟ್ಟಿಯಲ್ಲಿ ಇಬ್ಬರಿದ್ದಾರೆ. ಕಾಲಾಳುಗಳ ಬೆಲೆ ಅಳೆಯುವಾಗ ಅವರನ್ನು ಒಂಟಿಯಾಗಿ ಅಳೆಯಬೇಡಿ, ಧ್ವಜದ ಜೊತೆ ಸೇರಿಸಿ ಅಳೆಯಿರಿ.

ಕುದುರೆಗಳಿಗೆ ಬರೋಣ. ಕಾಲಾಳುಗಳ ವೇಗ 5 ಇಂಚು, ನೈಟ್ಸ್‌ದು 8. ಚಾರ್ಜ್ ದೂರ ಅದರ ಎರಡು ಪಟ್ಟು, 10 ಮತ್ತು 16. ಈ ಆಟದಲ್ಲಿ ಚಾರ್ಜ್ ದೂರಕ್ಕೆ ದಾಳ ಹಾಕುವುದಿಲ್ಲ, ಅಳತೆ ಪಟ್ಟಿ ಹೇಳಿದ್ದೇ ಅಂತಿಮ. ಹಾಗಾಗಿ 10 ಮತ್ತು 16ರ ನಡುವಿನ ಆ 6 ಇಂಚೇ ಕುದುರೆಯ ನಿಜವಾದ ಸಂಪತ್ತು. ಅಲ್ಲಿ ನಿಂತರೆ ನಾನು ನುಗ್ಗಬಹುದು, ಮಾಮೂಲಿ ಕಾಲಾಳು ನನ್ನ ಮೇಲೆ ನುಗ್ಗಲಾರರು. ಎದುರಾಳಿಯ ಹತ್ತಿರ ಹೆಚ್ಚು ವೇಗದ ದಳ ಇದ್ದರೆ ಈ ಜಾಗ ಕುಗ್ಗುತ್ತದೆ. ಪ್ರತಿ ಸರದಿ ಶುರುವಾಗುವ ಮೊದಲು ಅಳತೆ ಪಟ್ಟಿ ಹಿಡಿದು ಇದೊಂದನ್ನು ನೋಡುವ ಅಭ್ಯಾಸ ಮಾಡಿಕೊಂಡೆ.

ನನಗೆ ಅತಿ ಕಷ್ಟವಾದದ್ದು ಕಾಯುವುದು. ಕುದುರೆ ಕೈಯಲ್ಲಿದ್ದರೆ ಎರಡನೇ ಸರದಿಗೇ ನುಗ್ಗಬೇಕು ಅನ್ನಿಸುತ್ತದೆ. ನಾಲ್ಕನೇ ಆಟದಲ್ಲಿ ಎಡಗಡೆಯ ನೈಟ್ಸ್ ಮೂರು ಸರದಿ ಬೆಟ್ಟದ ಹಿಂದೆ ನಿಂತಿದ್ದರು, ನನ್ನ ಈಟಿಯವರು ಮಧ್ಯದಲ್ಲಿ ಏಟು ತಿನ್ನುತ್ತಿದ್ದರು. ನೋಡೋಕೆ ಆಗುತ್ತಿರಲಿಲ್ಲ. ಆದರೆ ನಾಲ್ಕನೇ ಸರದಿಯಲ್ಲಿ ತಂಗಿಯ ದಳ ಈಟಿಯವರ ಮೇಲೆ ತಿರುಗಿದಾಗ ಅದರ ಪಕ್ಕೆ ನನ್ನ ಕಡೆ ಬಂತು. ಆ ಒಂದು ಚಾರ್ಜ್ ಆಟ ಗೆದ್ದುಕೊಟ್ಟಿತು. ಅದರ ಹಿಂದಿನ ಎರಡು ಆಟದಲ್ಲಿ ನಾನು ಕಾದಿರಲಿಲ್ಲ. ಎರಡನ್ನೂ ಸೋತಿದ್ದೆ.

ನೆಲವನ್ನೂ ಲೆಕ್ಕಕ್ಕೆ ಹಿಡಿಯಿರಿ. ಕಾಡು, ಕಲ್ಲುಗೋಡೆ ದಾಟಿ ನುಗ್ಗಿದರೆ ಏಟು ತಾಗುವುದು ಒಂದು ಅಂಕ ಕಷ್ಟವಾಗುತ್ತದೆ, ನುಗ್ಗಿದ ಬಲವೂ ಕುಗ್ಗುತ್ತದೆ. ಕಾಲಾಳುಗಳಿಗೆ ಇದರಿಂದ ನಷ್ಟ ಕಡಿಮೆ. ನೈಟ್ಸ್‌ಗೆ ಇದು ಇಡೀ ಚಾರ್ಜನ್ನೇ ಹಾಳುಮಾಡುತ್ತದೆ. ಬೇಲಿಯ ಹಿಂದೆ ನಿಂತ ಈಟಿ ರೆಜಿಮೆಂಟ್ ಎದುರಿಗಿದ್ದರೆ ಆ ಕಡೆಗೆ ಕುದುರೆ ತಿರುಗಿಸುವುದೇ ಬೇಡ.

ಇಷ್ಟರಲ್ಲಿ ಪಾರ್ಸೆಲ್ ಬಂತು. ಮೂವತ್ತು ಕುದುರೆ, ಆದರೆ ನನಗೆ ಈಗ ಬೇಕಾದದ್ದು ಇಪ್ಪತ್ತು. ಉಳಿದ ಹತ್ತರಲ್ಲಿ ಐದನ್ನು ಹಗುರ ಸವಾರರ ಟ್ರೂಪ್ ಮಾಡಿದೆ. ಕವಚದ ಭಾಗಗಳನ್ನು ಅಂಟಿಸದೆ ಬಿಟ್ಟು, ಕೈಗೆ ಬಿಲ್ಲು ಕೊಟ್ಟೆ. ಈ ಐದು ಜನರ ಟ್ರೂಪ್ ಬಗ್ಗೆ ನಾನು ಮೊದಲು ಏನೂ ನಿರೀಕ್ಷೆ ಇಟ್ಟಿರಲಿಲ್ಲ. ಅವರು ಹೊಡೆಯುವುದು ತೀರಾ ಕಡಿಮೆ, ಗುರಿ ಹಿಡಿಯುವ ಲೆಕ್ಕದಲ್ಲೂ ಟ್ರೂಪ್‌ಗೆ 1, ರೆಜಿಮೆಂಟ್‌ಗೆ 3. ಆದರೆ ಇವರನ್ನು ಎದುರಾಳಿಯ ದೊಡ್ಡ ದಳದ ಮುಂದೆ ಓರೆಯಾಗಿ ನಿಲ್ಲಿಸಿದರೆ ಆ ದಳಕ್ಕೆ ಎರಡೇ ದಾರಿ: ಇವರನ್ನು ಹೊಡೆದು ಒಂದು ಸರದಿ ಕಳೆಯಬೇಕು, ಇಲ್ಲವೇ ಸುತ್ತಬೇಕು. ಟ್ರೂಪ್ ಸಾಯುತ್ತದೆ, ನಿಜ. ಆದರೆ ಆ ಒಂದು ಸರದಿಯಲ್ಲಿ ನನ್ನ ನೈಟ್ಸ್ ಬೇಕಾದ ಕಡೆ ಬಂದಿರುತ್ತಾರೆ. ನೋಟ್‌ಬುಕ್ ಪ್ರಕಾರ ಅಂಕಕ್ಕೆ ಹೋಲಿಸಿದರೆ ನನ್ನ ಸೈನ್ಯದ ಅತ್ಯುತ್ತಮ ಕುದುರೆ ದಳ ಇದೇ.

ಬಣ್ಣದ ಕೆಲಸದ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ. ಹತ್ತು ನೈಟ್ಸ್‌ಗೆ ಒಂಬತ್ತು ಸಂಜೆ ಹಿಡಿಯಿತು, ನಲವತ್ತು ಈಟಿಯವರಿಗೆ ಹನ್ನೊಂದು. ಕುದುರೆಗೆ ಇಷ್ಟು ಹೊತ್ತು ಬೇಕು ಅಂತ ಗೊತ್ತಿರಲಿಲ್ಲ. ಕಾಲು, ಜೀನು, ಕಡಿವಾಣ ಎಲ್ಲ ಬೇರೆ ಬೇರೆ ಬಣ್ಣ. ಒಂದು ದಿನ ಗಾಳಿಯಲ್ಲಿ ತೇವ ಜಾಸ್ತಿ ಇದ್ದಾಗ ಪ್ರೈಮರ್ ಸ್ಪ್ರೇ ಮಾಡಿ ಐದು ಕುದುರೆಗಳ ಮೈಮೇಲಿನ ಬಣ್ಣ ಪುಡಿಪುಡಿಯಾಗಿ ಒರಟಾಯಿತು, ತೊಳೆದು ಮತ್ತೆ ಮಾಡಬೇಕಾಯಿತು. ನನ್ನ ಹಳೆಯ ಈಟಿಯವರ ಬುಡ 25 ಮಿಲಿಮೀಟರ್ ಇತ್ತು, ಬೇಕಾದದ್ದು 20. ಇಪ್ಪತ್ತು ಜನ 100 ಮಿಲಿಮೀಟರ್ ಅಗಲಕ್ಕೆ ಕೂರಲೇ ಇಲ್ಲ. ಆಗ ಗೊತ್ತಾಯಿತು, ಈ ಆಟದಲ್ಲಿ ಇಡೀ ದಳವನ್ನು ಒಂದೇ ಹಲಗೆಗೆ ಅಂಟಿಸಬಹುದು, ಬೊಂಬೆಗಳು ಪೂರ್ತಿ ಸಂಖ್ಯೆಯಲ್ಲಿ ಇರಲೇಬೇಕೆಂದಿಲ್ಲ, ಅರ್ಧಕ್ಕಿಂತ ಜಾಸ್ತಿ ಇದ್ದರೆ ಸಾಕು. ಮುಖ್ಯವಾದದ್ದು ಹಲಗೆಯ ಅಳತೆ. ಹದಿನಾಲ್ಕು ಈಟಿಯವರನ್ನು ಬುಡ ಕತ್ತರಿಸಿ, ನಡುವೆ ಒಂದೆರಡು ಕಲ್ಲು, ಹುಲ್ಲು ಇಟ್ಟು ಅಂಟಿಸಿದೆ. ನೋಡಲು ಇನ್ನೂ ಚೆನ್ನಾಗಿ ಕಂಡಿತು. ನಿಮ್ಮ ಟೂರ್ನಮೆಂಟ್ ನಡೆಸುವವರು ಎಷ್ಟು ಬೊಂಬೆ ಕೇಳುತ್ತಾರೆ ಅಂತ ಮೊದಲೇ ವಿಚಾರಿಸಿಕೊಳ್ಳಿ.

ಟೂರ್ನಮೆಂಟ್‌ಗೆ ಐದು ದಿನ ಮೊದಲು ಸೈನ್ಯದ ಪಟ್ಟಿ ಕಳಿಸಬೇಕಿತ್ತು. ಕಳಿಸಿದೆ. ಮೂರು ದಿನ ಉತ್ತರ ಇಲ್ಲ. ಎಲ್ಲ ಸರಿಯಿದೆ ಅಂದುಕೊಂಡೆ. ನಾಲ್ಕನೇ ದಿನ ರಾತ್ರಿ ವಾಪಸ್ ಬಂತು: ಒಟ್ಟು ಅಂಕ 2015, ಮಿತಿ 2000. ನನ್ನ ಬಳಿ ಇದ್ದ ಅಂಕಗಳು ಹಿಂದಿನ ತಿದ್ದುಪಡಿಯವು. ದಳಗಳ ಅಂಕ, ಕೆಲವು ಗುಣಗಳು ಕಾಲಕಾಲಕ್ಕೆ ತಿದ್ದುಪಡಿಯಾಗುತ್ತವೆ. ನಾನು ಶುರುವಿನಲ್ಲಿ ಮುದ್ರಿಸಿಕೊಂಡ ಹಾಳೆಯನ್ನೇ ನಂಬಿದ್ದೆ. ಕೈಕಾಲು ತಣ್ಣಗಾಯಿತು. 15 ಅಂಕ ಕಡಿಮೆ ಮಾಡಲು ಒಂದು ದಳವನ್ನೇ ತೆಗೆಯಬೇಕೇನೋ ಅನ್ನಿಸಿತು. ಪುಣ್ಯಕ್ಕೆ ಒಂದು ನೈಟ್ಸ್ ದಳಕ್ಕೆ ಕೊಟ್ಟಿದ್ದ ಮಾಯಾ ವಸ್ತುವನ್ನು ತೆಗೆದರೆ ಸರಿಹೋಯಿತು. ನೀವು ಈ ಲೇಖನದ ಅಂಕಿಗಳನ್ನೂ ಹಾಗೇ ನಕಲು ಮಾಡಬೇಡಿ. ಲೆಕ್ಕ ಮಾಡುವ ವಿಧಾನ ತೆಗೆದುಕೊಳ್ಳಿ, ಅಂಕಿಗಳನ್ನು ನಿಮ್ಮ ಸೈನ್ಯದ ಹೊಸ ಹಾಳೆಯಿಂದ ಹಾಕಿ.

ಅವತ್ತು ಚೀಲದಲ್ಲಿ ಒಯ್ದದ್ದು: ಪಟ್ಟಿಯ ಎರಡು ಪ್ರತಿ, ನಿಯಮ ಪುಸ್ತಕ, ಹೊಸ ತಿದ್ದುಪಡಿಯ ಹಾಳೆ, ಎರಡು ಅಳತೆ ಪಟ್ಟಿ, ಮೂವತ್ತೆರಡು ದಾಳ, ಡ್ಯಾಮೇಜ್ ತೋರಿಸುವ ಗುಂಡಿಗಳು, ಅಂಟು. ಅಂಟು ಮೂರು ಸಲ ಬೇಕಾಯಿತು. ಈಟಿಗಳು ಮುರಿಯುತ್ತಲೇ ಇರುತ್ತವೆ.

ನಾನು ಅಭ್ಯಾಸ ಮಾಡದೆ ಹೋದ ಒಂದೇ ವಿಷಯ ಗಡಿಯಾರ. ಚೆಸ್ ಗಡಿಯಾರ ಇಟ್ಟು ಆಡಿಸುತ್ತಾರೆ, ಪ್ರತಿಯೊಬ್ಬರಿಗೂ ಒಂದು ಗಂಟೆ. ಸಮಯ ಮುಗಿದರೆ ನಿಮ್ಮ ಆಟ ಅಲ್ಲಿಗೆ ಮುಗಿಯಿತು. ಮನೆಯಲ್ಲಿ ನಾವು ಟೀ ಕುಡಿಯುತ್ತಾ, ನೋಟ್‌ಬುಕ್ ಬರೆಯುತ್ತಾ ಆಡಿದ್ದೆವು. ಮೊದಲ ಆಟದಲ್ಲಿ ಓರ್ಕ್ ಸೈನ್ಯ ಎದುರಿಗೆ. ನನ್ನ ಹೋರ್ಡ್ ನಾಲ್ಕು ಸರದಿ ನಿಂತಿತು, ನೈಟ್ಸ್ ಸರಿಯಾದ ಜಾಗಕ್ಕೆ ಬಂದರು, ಐದನೇ ಸರದಿಯ ಚಾರ್ಜ್‌ಗೆ ಅಳತೆ ಮಾಡುತ್ತಿರುವಾಗ ಗಡಿಯಾರ ನಿಂತಿತು. ಸೋತೆ. ಆ ಸೋಲು ಇವತ್ತಿಗೂ ಚುಚ್ಚುತ್ತದೆ, ಯಾಕೆಂದರೆ ಸೈನ್ಯ ತನ್ನ ಕೆಲಸ ಮಾಡಿತ್ತು.

ಹೊತ್ತಿನ ದೃಷ್ಟಿಯಿಂದಲೂ ದಳಗಳಿಗೆ ಬೆಲೆ ಇದೆ ಅನ್ನುವುದು ಅಲ್ಲಿ ತಿಳಿಯಿತು. ಹೋರ್ಡ್ ಸರಿಸುವುದು ಬೇಗ, ಮುಂದಕ್ಕೆ ಇಟ್ಟರೆ ಆಯಿತು. ಕುದುರೆ ದಳ ತಿರುಗಿಸಿ, ದೂರ ಅಳೆದು, ಪಕ್ಕೆಯ ಗೆರೆ ನೋಡಿ ಇಡುವಷ್ಟರಲ್ಲಿ ಎರಡು ನಿಮಿಷ ಹೋಗುತ್ತದೆ. ಮೂರು ನೈಟ್ಸ್ ಇದ್ದಿದ್ದರೆ ನಾನು ನಾಲ್ಕನೇ ಸರದಿಯನ್ನೂ ನೋಡುತ್ತಿರಲಿಲ್ಲ.

ಎರಡನೇ ಆಟ ಕುಳ್ಳರ ಜೊತೆ. ಅವರು ನಿಧಾನ, ಆದರೆ ಕವಚ ಗಟ್ಟಿ. ಅಲ್ಲಿ ನನ್ನ ಈಟಿಯವರ ಏಟು ಏನೂ ನಾಟಲಿಲ್ಲ. ನಾನೂ ಅವಸರ ಮಾಡಲಿಲ್ಲ. ಹಗುರ ಸವಾರರನ್ನು ಅವರ ದೊಡ್ಡ ದಳದ ಮುಂದೆ ಓರೆಯಾಗಿ ನಿಲ್ಲಿಸಿ ಒಂದು ಸರದಿ ಕದ್ದೆ, ರೆಜಿಮೆಂಟ್‌ಗಳನ್ನು ಗುರಿಗಳ ಮೇಲೆ ಕೂರಿಸಿದೆ. ಸಮ ಆಯಿತು.

ಮೂರನೆಯದು ಎಲ್ಫ್‌ಗಳು, ಕುದುರೆಗಳೇ ತುಂಬಿದ ಸೈನ್ಯ. ಎದುರಿಗಿದ್ದ ಹುಡುಗನ ಪಟ್ಟಿ ನೋಡಿದಾಗ ನನ್ನ ಮೊದಲ ವಾರದ ಪಟ್ಟಿಯನ್ನೇ ನೋಡಿದ ಹಾಗಾಯಿತು. ನಾಲ್ಕು ಕುದುರೆ ದಳ, ಕಾಲಾಳು ಒಂದೇ ಸಾಲು. ನಾನು ಈಟಿ ಹೋರ್ಡನ್ನು ಮಧ್ಯಕ್ಕೆ ಇಟ್ಟು, ರೆಜಿಮೆಂಟ್‌ಗಳಿಂದ ಪಕ್ಕೆ ಮುಚ್ಚಿ, ಧ್ವಜದವನನ್ನು ಹಿಂದೆ ನಿಲ್ಲಿಸಿ ಕಾದೆ. ಅವನು ಎರಡನೇ ಸರದಿಯಲ್ಲಿ ನುಗ್ಗಿದ. ಹೋರ್ಡ್ ನಿಂತಿತು. ಬಲಗಡೆಯ ರೆಜಿಮೆಂಟ್ ಚದುರಬೇಕಿತ್ತು, ಧ್ವಜ ಇದ್ದದ್ದಕ್ಕೆ ದಾಳ ಮತ್ತೆ ಹಾಕಿದ, ಎರಡನೇ ಸಲ 4 ಬಿತ್ತು, ಅದೂ ನಿಂತಿತು. ಮೂರನೇ ಸರದಿಯಲ್ಲಿ ನನ್ನ ಎರಡೂ ನೈಟ್ಸ್ ಅವನ ಕುದುರೆಗಳ ಪಕ್ಕೆಗೆ ಬಂದರು. ಗಡಿಯಾರದಲ್ಲಿ ಇನ್ನೂ ಹದಿನೆಂಟು ನಿಮಿಷ ಉಳಿದಿತ್ತು.

ಆಟ ಮುಗಿದ ಮೇಲೆ ಅವನು ಕೇಳಿದ, "ಅಕ್ಕ, ಈಟಿಯವರು ಅಷ್ಟೊಂದು ಚೆನ್ನಾಗಿದ್ದಾರಾ?" ನೋಟ್‌ಬುಕ್ ತೆಗೆದು ತೋರಿಸಿದೆ. ಇಬ್ಬರೂ ನೆಲದ ಮೇಲೆ ಕೂತು ಅರ್ಧ ಗಂಟೆ ಅದನ್ನೇ ಓದಿದೆವು. ಅವನ ಎಲ್ಫ್‌ಗಳ ಹಾಳೆ ಹಿಡಿದು, ಅವನ ಕಾಲಾಳುಗಳು ಎಷ್ಟು ಸರದಿ ನಿಲ್ಲಬಹುದು ಅಂತ ಒಂದು ಹೊಸ ಪುಟದಲ್ಲಿ ಲೆಕ್ಕ ಶುರುಮಾಡಿದೆವು. ಸಭಾಂಗಣದ ದೀಪ ಆರಿಸಲು ಬಂದಾಗ ಮೂರನೇ ದಳಕ್ಕೆ ಬಂದಿದ್ದೆವು. ಆ ಪುಟ ಹರಿದು ಅವನಿಗೇ ಕೊಟ್ಟೆ.